ಗಂಡಸರು ಕೇಳದ ಐದನೆಯ ನುಡಿ

ರಾಯಪುರಂ, ಮದರಾಸು
14 ಜುಲೈ 1978

ಅಕ್ಕನಿಗೆ ಮಧ್ವರಾಜನ ನಮಸ್ಕಾರ.

ನೀನು ಕಳಿಸಿದ ಗುರೆಳ್ಳಿನ ಪುಡಿ ಸೇರಿತು. ಪೊಟ್ಟಣ ದಾರಿಯಲ್ಲೇ ಒಡೆದು ಅಂಚೆಯವನ ಚೀಲವೆಲ್ಲ ಖಾರವಾಗಿತ್ತು. "ಮೂಕ್ಕು ಎರಿಯುದು ಸಾರ್" ಎಂದು ಸೀನುತ್ತಲೇ ಕೊಟ್ಟು ಹೋದ. ಉಳಿದದ್ದನ್ನು ಊರ್ಮಿಳಾ ಮೊಸರನ್ನಕ್ಕೆ ಕಲಸಿಕೊಂಡು ಮುಗಿಸುತ್ತಿದ್ದಾಳೆ. ಹತ್ತು ವರ್ಷದ ಹುಡುಗಿಗೆ ಇಷ್ಟು ಖಾರ ಹೇಗೆ ಹಿಡಿಸುತ್ತದೋ! ತಾಯಿ ವಾಸಂತಿಯ ನಾಲಿಗೆಯೇ ಅವಳಿಗೂ ಬಂದಿದೆ. ಮಾತು ಮಾತ್ರ ಪೂರ್ತಿ ತಮಿಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ, ಸಂಸಾರ ನಡೆಯುತ್ತದೆ.

ಈಗ ಬರೆಯುತ್ತಿರುವುದು ಬೇರೆ ವಿಷಯ. ಇನ್ಷೂರೆನ್ಸ್ ಆಫೀಸಿನಿಂದ ರಿಟೈರ್ ಆದಾಗಿನಿಂದ ನನಗೆ ಮೂರ್ ಮಾರ್ಕೆಟ್ಟೇ ಆಫೀಸು ಎಂದು ನಿನಗೆ ಗೊತ್ತಲ್ಲ. ಮೊನ್ನೆ ಹಳೇ ಪುಸ್ತಕದ ಸಾಲಿನಲ್ಲಿ ಬೆನ್ನು ಹರಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. "ಪಾದಿರಿ ಬುಕ್ಕು ಸಾರ್, ಯಾರುಂ ವಾಂಗ ಮಾಟ್ಟಾಂಗ" ಎಂದು, ಯಾರೂ ಕೊಳ್ಳದ ಪುಸ್ತಕವೆಂದು ಅಂಗಡಿಯವನೇ ಅದನ್ನು ಬೈಯುತ್ತ ಕೊಟ್ಟ. ಕನ್ನಡ ಜನರ ನೀತಿಪದಗಳು, ಭಕ್ತಿಪದಗಳು, ಇಂಗ್ಲಿಷ್ ಪದ್ಯದಲ್ಲಿ. ಇದೇ ಮದರಾಸಿನ ಒಂದು ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು, ನೂರು ವರ್ಷದ ಮೇಲಾಯಿತು. ಮಾಡಿದವನು ತನ್ನ ಹೆಸರು ಹಾಕಿಲ್ಲ, ಬಳ್ಳಾರಿಯ ಒಬ್ಬ ಪಾದ್ರಿ ಎಂದಷ್ಟೇ ಇದೆ.

ಮನೆಗೆ ತಂದು ತಿರುವಿ ಹಾಕುತ್ತಿದ್ದೆ. ಅರ್ಧ ದಾರಿಯಲ್ಲಿ ಒಂದು ಪದ. ಮಗಳ ಉಡಿ ತುಂಬಿ, ಮುಡಿ ಕಟ್ಟಿ, ಕೊಟ್ಟದ್ದನ್ನು ನೆನೆಯಬೇಡ, ಪಡೆದದ್ದನ್ನು ಹೊರಬೇಡ ಎಂದು ಬುದ್ಧಿ ಹೇಳಿ ಕಳಿಸುವುದು. ಅಕ್ಕ, ಅದು ನಮ್ಮ ಮನೆಯ ಹಾಡು!

ಉಡಿಯ ಕಟ್ಟಿದೆವಮ್ಮ, ಮುಡಿಯ ಕಟ್ಟಿದೆವಮ್ಮ,
ಕೊಟ್ಟದ್ದ ನೆನೆಯದೆ ಹೋಗಿ ಬಾ ಮಗಳೆ.

ಕೆಳಗೆ ಸಣ್ಣಕ್ಷರದಲ್ಲಿ, ಬಳ್ಳಾರಿ ಕೋಟೆಯ ಹತ್ತಿರದ ಬ್ರಾಹ್ಮಣ ಹೆಂಗಸೊಬ್ಬಳು ನನ್ನ ಹೆಂಡತಿಗೆ ಹಾಡಿ ತೋರಿಸಿದ್ದು ಎಂದಿದೆ. ಅಮ್ಮನ ಅಜ್ಜಿ ಸರಸಬಾಯಿಯವರಲ್ಲದೆ ಇನ್ಯಾರು? ಯಾವ ಕನ್ನಡ ಪುಸ್ತಕದಲ್ಲೂ ಇಲ್ಲದ ಹಾಡು, ತಾಯಿಯ ಬಾಯಿಂದ ಮಗಳ ಬಾಯಿಗೆ ಮಾತ್ರ ಬಂದದ್ದು, ಒಬ್ಬ ದೊರೆಸಾನಿಯ ಕಿವಿಗೆ ಬಿದ್ದು ಇಂಗ್ಲಿಷಿನಲ್ಲಿ ಕುಳಿತಿದೆ ನೋಡು.

ಇನ್ನೊಂದು ಮಾತು. ಪುಸ್ತಕದಲ್ಲಿ ನಾಲ್ಕಲ್ಲ, ಐದು ನುಡಿಗಳಿವೆ.

ಮನೆಯಲ್ಲಿ ಸಾವಾದಾಗ ನಾಲ್ಕು ನುಡಿಗಳನ್ನು ನಮ್ಮೆದುರಿಗೇ ಹಾಡುತ್ತಿದ್ದಿರಿ. ಸೂತಕದ ಮನೆಯಲ್ಲಿ ಹಾಡೇ ಎಂದು ಊರವರು ಮೂಗು ಮುರಿದರೂ ನಮ್ಮ ಮನೆಯ ಹೆಂಗಸರು ಬಿಟ್ಟವರಲ್ಲ. ಐದನೆಯದು ಮಾತ್ರ ಗಂಡಸರು ಹೆಣ ಹೊತ್ತು ಬೀದಿಗಿಳಿದ ಮೇಲೆ. ಅರವತ್ತು ದಾಟಿದ ನನಗೆ ಇಂದಿಗೂ ಅದು ಗೊತ್ತಿಲ್ಲ. ಈಗ ಇಂಗ್ಲಿಷಿನಲ್ಲಿ ಓದಿದೆ. ಅದರ ಕನ್ನಡ ನೀನೇ ಬರೆದು ಕಳಿಸಬೇಕು.

ಹಿಂದಿನ ಕಾಲದಲ್ಲಿ ಹಾಳೆಗಳನ್ನು ಮಡಿಕೆಯಲ್ಲೇ ಹೊಲಿದು ಮಾರುತ್ತಿದ್ದರಂತೆ, ಓದುವವನೇ ಅಂಚು ಸೀಳಿಕೊಳ್ಳಬೇಕು. ಪದಗಳಿರುವ ಭಾಗವನ್ನು ಯಾರೋ ಸೀಳಿದ್ದಾರೆ. ಹಿಂದಿನ ಟಿಪ್ಪಣಿಗಳು ಮುಚ್ಚಿಕೊಂಡೇ ಇವೆ. ಊರ್ಮಿಳಾ ಬ್ಲೇಡು ತಂದಳು, ಬೇಡ ಎಂದು ಗದರಿದೆ. ಇಷ್ಟು ಕಾಲ ಯಾರೂ ಬಿಡಿಸದ ಹಾಳೆ, ಹಾಗೇ ಇರಲಿ. ನನಗೆ ಬೇಕಾದದ್ದು ಪದ, ಪಾದ್ರಿಯ ಉಪದೇಶವಲ್ಲ.

ಕೂಡಲೇ ಬರೆ.

ನಿನ್ನ ತಮ್ಮ,
ಮಧ್ವರಾಜ


ಬಳ್ಳಾರಿ
2 ಆಗಸ್ಟ್ 1978

ಮಧ್ವನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ನಿನ್ನ ಭಾವನವರು ನಕ್ಕರು, ನನಗೆ ನಗು ಬರಲಿಲ್ಲ. ಸರಸಬಾಯಿಯವರು ಮಡಿಯೆಂದರೆ ಬೆಂಕಿ, ನೆರಳು ಸೋಕಿದರೆ ಎರಡು ಕೊಡ ನೀರು ಸುರಿದುಕೊಳ್ಳುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ಅಂಥವರು ದೊರೆಸಾನಿಯನ್ನು ಅಂಗಳದಲ್ಲಿ ಕೂರಿಸಿಕೊಂಡು ಹಾಡು ಹೇಳಿದರಂತೆ! ನಿನ್ನ ಪಾದ್ರಿ ಎಲ್ಲಿ ಕೇಳಿ ಏನು ಬರೆದನೋ.

ಗಂಡಸರಿಗೆ ಹೇಳಬಾರದ್ದನ್ನು ಅಂಚೆಯಲ್ಲಿ ಹಾಕಿ ಕಳಿಸು ಎನ್ನುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೆ? ಸಣ್ಣವನಿದ್ದಾಗಲೂ ನೀನು ಹೀಗೆಯೇ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುವ ಚಟ. ಅಮ್ಮ ಸೌಟಿನಲ್ಲಿ ಕೊಟ್ಟ ಏಟು ಮರೆತೆಯಾ?

ಊರ್ಮಿಳಾಗೆ ದಿನಕ್ಕೊಂದು ಪುಟ ಕನ್ನಡ ಬರೆಸು. ಅಕ್ಷರ ಬರದೆ ಬೆಳೆದರೆ ನಾಳೆ ನನ್ನ ಕಾಗದವನ್ನು ಅವಳಿಗೆ ಓದಿ ಹೇಳುವವರು ಯಾರು? ಎದೆನೋವಿಗೆ ಔಷಧಿ ತೆಗೆದುಕೊಳ್ಳುತ್ತಿದ್ದೀಯಾ? ಅದನ್ನು ಮಾತ್ರ ನೀನು ಬರೆಯುವುದಿಲ್ಲ. ನಿಂಬೆಕಾಯಿ ಉಪ್ಪಿನಕಾಯಿ ಹಾಕಿದ್ದೇನೆ, ಈ ಸಲ ಡಬ್ಬಿಯಲ್ಲಿ ಕಳಿಸುತ್ತೇನೆ.

ಅಕ್ಕ,
ರಮಾಬಾಯಿ


ರಾಯಪುರಂ
20 ಆಗಸ್ಟ್ 1978

ಅಕ್ಕ,

ಉಪ್ಪಿನಕಾಯಿ ಆಮೇಲೆ. ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ.

ನಾನು ಯಾಕೆ ಕೇಳುತ್ತಿದ್ದೇನೆ ಎಂದು ನಿನಗೆ ಗೊತ್ತಿದೆ. ಗೊತ್ತಿಲ್ಲದವಳ ಹಾಗೆ ಸೌಟಿನ ಕಥೆ ಹೇಳುತ್ತೀಯ. ಸರಿ, ಬಾಯಿ ಬಿಟ್ಟೇ ಬರೆಯುತ್ತೇನೆ.

ಆರು ವರ್ಷದ ಹಿಂದೆ ನನ್ನ ವಾಸಂತಿಯನ್ನು ಹೊತ್ತುಕೊಂಡು ಹೊರಟೆವಲ್ಲ, ನೀನು ಬಳ್ಳಾರಿಯಿಂದ ಬಂದಿದ್ದೆ. ನಾಲ್ಕು ನುಡಿ ಹಾಡಿದೆ. ಕಾಮಾಲೆಯಲ್ಲಿ ಹಳದಿಯಾಗಿದ್ದ ಅವಳ ಮುಖಕ್ಕೆ ನೀನು ಅರಿಶಿನ ಹಚ್ಚಿದ್ದೂ ಕಾಣಲಿಲ್ಲ. ಎತ್ತಿದರು. ಹಿಂದೆ ತಿರುಗಿ ನೋಡಬಾರದು ಎಂದು ಆಚಾರ್ಯರು ಹೇಳಿದರು, ನೋಡಲಿಲ್ಲ. ಬೀದಿಯ ತಿರುವಿಗೆ ಬಂದಾಗ ಹಿಂದಿನಿಂದ ನಿನ್ನ ದನಿ ಕೇಳಿಸಿತು. ಐದನೆಯ ನುಡಿ. ಅದೇ ಹೊತ್ತಿಗೆ ಬಂದರಿನ ಸೈರನ್ ಕೂಗಿತು. ದನಿ ಬಂತು, ಮಾತು ಬರಲಿಲ್ಲ.

ಮನೆಯಲ್ಲಿದ್ದ ಹೆಂಗಸರೆಲ್ಲ ಅಕ್ಕಪಕ್ಕದ ತಮಿಳರು, ಅವರನ್ನು ಕೇಳಿ ಪ್ರಯೋಜನವಿಲ್ಲ. ಕೌಸಲ್ಯಾ ಇದ್ದಿದ್ದರೆ ಮಗಳ ಪಕ್ಕದಲ್ಲಿ ನಿಂತು ಕೇಳಿರುತ್ತಿದ್ದಳು, ನನಗೆ ಹೇಳಿಯೂ ಬಿಡುತ್ತಿದ್ದಳು. ಆದರೆ ಅವಳು ವಾಸಂತಿಗೆ ಏಳು ವರ್ಷವಿದ್ದಾಗಲೇ ಹೊರಟುಹೋದಳು. ನನ್ನ ಮಗಳಿಗೆ ಈ ಮನೆಯಿಂದ ಹೇಳಿದ ಕಡೆಯ ಮಾತು ಏನೆಂದು ಈ ಭೂಮಿಯ ಮೇಲೆ ಗೊತ್ತಿರುವವಳು ನೀನೊಬ್ಬಳೇ. ಏನು ಹೇಳಿ ಕಳಿಸಿದೆ ಅಕ್ಕ? ಹೆತ್ತವನಿಗೆ ಇಷ್ಟು ಕೇಳುವ ಹಕ್ಕು ಇಲ್ಲವೆ?

ಪಾದ್ರಿಯ ಇಂಗ್ಲಿಷಿನಲ್ಲಿ ಐದನೆಯ ನುಡಿ ಹೀಗಿದೆ, ನನ್ನ ಮಾತಿನಲ್ಲಿ ಹೇಳುತ್ತೇನೆ. ತಿರುಗಿ ನೋಡು ಮಗಳೇ, ಬಾಗಿಲಲ್ಲಿ ನಿನಗಾಗಿ ದೀಪ ಉರಿಯುತ್ತಿದೆ. ಹೆದರಬೇಡ, ಆಚೆಯ ದಡದಲ್ಲಿ ನಿನ್ನ ತಾಯಿ ನಿಂತಿದ್ದಾಳೆ, ಹೆಸರು ಹಿಡಿದು ಕರೆಯುತ್ತಾಳೆ. ಒಂದು ದಿನ ನಾವೂ ಬರುತ್ತೇವೆ. ಹೋಗಿ ಬಾ.

ಇದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ತಾಯಿ ನಿಂತಿದ್ದಾಳೆ ಎಂದಿದೆ ಅಕ್ಕ. ಕೌಸಲ್ಯಾ ನಿಂತಿದ್ದಾಳೆ ಎಂದು ನೀನು ನನ್ನ ಮಗಳಿಗೆ ಹೇಳಿ ಕಳಿಸಿದೆಯಾ? ಹೌದು ಎನ್ನುವುದಾದರೆ ನಿನ್ನ ಕಾಲಿಗೆ ಬೀಳುತ್ತೇನೆ. ಕನ್ನಡದ ಮಾತು ಹೇಗಿದೆಯೋ ಹಾಗೇ ಬರೆದು ಕಳಿಸು.

ಮಧ್ವ


ಬಳ್ಳಾರಿ
11 ಸೆಪ್ಟೆಂಬರ್ 1978

ಮಧ್ವಾ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ. ನಿನಗೆ ಒಂದು ಕಾಗದದಲ್ಲಾದರೂ ನಿಜ ಬರೆಯದೆ ಹೋದರೆ ಇನ್ನೊಂದನ್ನು ಬರೆಯಲು ಕೈ ಏಳುವುದಿಲ್ಲ.

ನಿನ್ನ ಪಾದ್ರಿ ಬರೆದದ್ದು ನಮ್ಮ ಹಾಡಲ್ಲ. ನಾಲ್ಕು ನುಡಿಯವರೆಗೆ ಸರಿ ಬಂದವನು ಐದನೆಯದರಲ್ಲಿ ಪೂರ್ತಿ ತಲೆಕೆಳಗು ಮಾಡಿದ್ದಾನೆ. ಇಲ್ಲಿದೆ ನೋಡು ನೀನು ಕೇಳಿದ್ದು.

ತಿರುಗಿ ನೋಡಲು ಬೇಡ, ಬಾಗಿಲಲಿ ದೀಪವಿಲ್ಲ,
ಆಚೆಯ ದಾರಿಯಲಿ ಕಾಯುವವರಿಲ್ಲ.
ನೀನಾರ ಮಗಳೊ, ನಾವಾರ ತಾಯಿಯೊ,
ಮರೆತು ಹೋಗು ಮಗಳೆ, ಹೋಗು, ಹೋಗು.

ಇಷ್ಟೇ. ಇದನ್ನು ನಾನು ನಿನ್ನ ಮಗಳಿಗೆ ಹೇಳಿದೆ. ನನ್ನ ಈ ಬಾಯಿಂದಲೇ ಹೇಳಿದೆ. ಪಕ್ಕದ ಮನೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಎಷ್ಟು ಚೆನ್ನಾಗಿ ಹಾಡಿದಿರಿ ಮಾಮಿ ಎಂದಳು. ಅವಳಿಗೆ ಅರ್ಥವಾಗಿದ್ದರೆ ನನ್ನನ್ನು ರಾಕ್ಷಸಿ ಎನ್ನುತ್ತಿದ್ದಳು.

ಬೀದಿಯ ಕೊನೆಗೆ ಕೊತ್ತಂಬರಿ ತರಲು ಹೋಗುವವರಿಗೂ ನಾವು 'ಹೋಗಿ ಬಾ' ಎನ್ನುತ್ತೇವೆ. ಬರೀ 'ಹೋಗು' ಎಂದು ಅಮ್ಮ ಯಾರಿಗೂ ಅಂದದ್ದನ್ನು ನಾನು ಕೇಳಿಲ್ಲ, ಸಿಟ್ಟು ಬಂದಾಗಲೂ. ಆ ಮಾತನ್ನು ಜೀವಮಾನದಲ್ಲಿ ಸತ್ತವರಿಗೆ ಮಾತ್ರ ಎತ್ತಿಟ್ಟಿದ್ದರು. ಮದುವೆಯ ಹಿಂದಿನ ದಿನ ನನಗೆ ಕಲಿಸುವಾಗ ಅಮ್ಮ ಹೇಳಿದಳು, "ಹಿಂದಿಂದ ಕರದ್ರ ಜೀವಕ್ಕ ದಾರಿ ಸಾಗೂದಿಲ್ಲ. ಗಂಡಸರಿಗೆ ಇದನ್ನ ಹೇಳೂ ಎದಿ ಇಲ್ಲ, ಅತ್ತು ಕರದ್ಬಿಡ್ತಾರ. ಯಾರಾರ ಒಬ್ರು ಕಲ್ಲಾಗಿ ಹೇಳಬೇಕು. ಅದಕ್ಕ ನಾವಿರೋದು."

ನಾನು ಕಲ್ಲಾದೆ. ಎತ್ತಿ ಆಡಿಸಿದ ಕೂಸಿಗೆ, ಜಡೆ ಹೆಣೆದ ಕೂಸಿಗೆ, ನೀನು ಯಾರ ಮಗಳೋ ಎಂದೆ. ತಾಯಿಯಿಲ್ಲದೆ ಬೆಳೆದವಳಿಗೆ ಅಲ್ಲಿಯೂ ಯಾರೂ ಕಾಯುತ್ತಿಲ್ಲ ಎಂದೆ. ಅದು ಧರ್ಮ ಎಂದು ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೆ ನೀನು ಕಾಲಿಗೆ ಬೀಳುತ್ತೇನೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಆ ಧರ್ಮವನ್ನು ನಿನ್ನ ಮುಂದೆ ಇಡಲು ನನ್ನಿಂದ ಆಗುತ್ತಿಲ್ಲ.

ನಾನು ಸುಳ್ಳು ಹೇಳುವವಳಲ್ಲ ಎಂದು ಈ ಬೀದಿಯಲ್ಲೆಲ್ಲ ಹೆಸರಿದೆ. ನನ್ನ ಹತ್ತಿರ ಪಂಚಾಯ್ತಿಗೆ ಬರುತ್ತಾರೆ. ಇರಲಿ ಬಿಡು.


ಬಳ್ಳಾರಿ
29 ಸೆಪ್ಟೆಂಬರ್ 1978

ಮಧ್ವನಿಗೆ ಆಶೀರ್ವಾದ.

ನನಗೆ ಜ್ವರ ಬಂದಿತ್ತು, ತಡವಾಯಿತು. ನಿನ್ನ ಪಾದ್ರಿಯನ್ನು ಸುಮ್ಮನೆ ಬೈದೆ. ಅವನು ಸರಿಯಾಗಿಯೇ ಬರೆದಿದ್ದಾನೆ. ಕನ್ನಡದ ನುಡಿ ಹೀಗಿದೆ.

ತಿರುಗಿ ನೋಡೆಲೆ ಮಗಳೆ, ಬಾಗಿಲಲಿ ದೀಪವಿದೆ,
ಆಚೆಯ ದಡದಲ್ಲಿ ತಾಯಿ ಕಾದಿಹಳು.
ಹೆಸರಿಟ್ಟು ಕರೆದಾಳು, ಓಗೊಟ್ಟು ನಿಲ್ಲು,
ಬರುವೆವು ನಾವೂ, ಹೋಗಿ ಬಾ ಮಗಳೆ.

ವಾಸಂತಿಗೆ ಇದನ್ನೇ ಹಾಡಿದೆ. ಇನ್ನು ಇದರ ಮಾತು ಎತ್ತಬೇಡ. ಗಂಡಸರು ಕೇಳಬಾರದ್ದನ್ನು ಕೇಳಿದ್ದೀಯ, ಬಾಯಿ ಮುಚ್ಚಿಕೊಂಡಿರು. ಔಷಧಿ ತೆಗೆದುಕೋ.

ಅಕ್ಕ


ರಾಯಪುರಂ
10 ಅಕ್ಟೋಬರ್ 1978

ನನ್ನ ಅಕ್ಕನಿಗೆ,

ನಿನ್ನ ಕಾಗದವನ್ನು ದೇವರ ಮುಂದಿಟ್ಟು ಆಮೇಲೆ ಓದಿದೆ. ಪಾದ್ರಿಯ ಇಂಗ್ಲಿಷಿನ ಪಕ್ಕದಲ್ಲಿ ಇಟ್ಟು ನೋಡಿದೆ, ಒಂದು ಮಾತೂ ಹೆಚ್ಚುಕಡಿಮೆಯಿಲ್ಲ. ಎಂಥ ನಿಷ್ಠೆಯಿಂದ ಮಾಡಿದ್ದಾನೆ ಪುಣ್ಯಾತ್ಮ!

ಈ ಆರು ವರ್ಷ ನನಗೆ ಒಂದೇ ಯೋಚನೆಯಿತ್ತು. ಆ ಹುಡುಗಿಗೆ ಕತ್ತಲೆಂದರೆ ಭಯ. ಮದುವೆಯಾದ ಮೇಲೂ ಹಿತ್ತಲಿಗೆ ಹೋಗಬೇಕಾದರೆ "ಅಪ್ಪಾ, ನಿಂತ್ಕೊಂಡಿರಿ" ಎನ್ನುತ್ತಿದ್ದಳು. ಅಂಥವಳು ಒಬ್ಬಳೇ ಹೇಗೆ ಹೋದಳು ಎಂದು ಕೊರಗುತ್ತಿದ್ದೆ. ಅಲ್ಲಿ ಕೌಸಲ್ಯಾ ನಿಂತಿದ್ದಾಳೆ ಎಂದು ಹೇಳಿಯೇ ಕಳಿಸಿದ್ದೀಯ. ಇನ್ನು ಕೊರಗುವುದಿಲ್ಲ.

ಬಾಗಿಲಲಿ ದೀಪವಿದೆ ಎಂದು ಹೇಳಿದ ಮೇಲೆ ಇಡದಿದ್ದರೆ ಮಾತು ತಪ್ಪಿದ ಹಾಗಾಗುತ್ತದೆ. ದಿನವೂ ಮುಸ್ಸಂಜೆಗೆ ಹೊಸ್ತಿಲ ಹೊರಗೆ ಒಂದು ಹಣತೆ ಇಡುತ್ತಿದ್ದೇನೆ. "ಎದುಕ್ಕು ತಾತಾ?" ಎಂದಳು ಊರ್ಮಿಳಾ. ನಿಮ್ಮಮ್ಮ ತಿರುಗಿ ನೋಡಿದರೆ ಕಾಣಲಿ ಎಂದೆ. ಈಗ ಎಣ್ಣೆ ಹಾಕುವುದು ಅವಳೇ. ಅವಳಪ್ಪ ಎಣ್ಣೂರಿನಲ್ಲಿ ಬೇರೆ ಸಂಸಾರ ಮಾಡಿಕೊಂಡ ಮೇಲೆ ಇತ್ತ ಬಂದೇ ಇಲ್ಲ. ಅವಳಿಗೂ ಒಂದು ದೀಪ ಬೇಕಿತ್ತು.

ಮಧ್ವ


ರಾಯಪುರಂ
10 ಏಪ್ರಿಲ್ 1981

ಅಕ್ಕನಿಗೆ ನಮಸ್ಕಾರ.

ಯುಗಾದಿ ಆಯಿತು. ಹೋಳಿಗೆಯನ್ನು ಹೋಟೆಲಿನಿಂದ ತಂದೆವು, ಬೈಯಬೇಡ. ಊರ್ಮಿಳಾ ಕ್ಲಾಸಿನಲ್ಲಿ ಮೊದಲು ಬಂದಿದ್ದಾಳೆ, ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಲು ನನ್ನಿಂದ ಆಗಲೇ ಇಲ್ಲ.

ರಜೆಯಲ್ಲಿ ಹಳೇ ಪುಸ್ತಕಗಳ ಧೂಳು ಹೊಡೆದೆ. ಪಾದ್ರಿಯ ಪುಸ್ತಕವೂ ಕೈಗೆ ಬಂತು. ಪಾಪ, ಅವನಿಗೂ ಒಬ್ಬಳು ಮಗಳಿದ್ದಳಂತೆ, ನಿಮ್ಮ ಬಳ್ಳಾರಿಯ ಮಣ್ಣಿನಲ್ಲೇ ಇದ್ದಾಳಂತೆ. ಎಂದಾದರೂ ಆ ಕಡೆ ಹೋದರೆ ಇಂಗ್ಲಿಷರ ಹಳೇ ಸಮಾಧಿಗಳ ಹತ್ತಿರ ಒಂದು ಹೂವಿಟ್ಟು ಬಾ. ನನ್ನ ಹೆಸರಿನಲ್ಲಿ.

ಒಂದು ಮಾತು ನಡೆಸಿಕೊಡಬೇಕು. ನಾನು ಹೊರಟಾಗ ನೀನೇ ಬಂದು ಹಾಡಬೇಕು. ಐದನೆಯದರಲ್ಲಿ ಏನು ಹಾಡುತ್ತೀಯೋ ಅದು ನಿನಗೆ ಬಿಟ್ಟದ್ದು. ನಾನು ಹೇಗೂ ಬೀದಿಗಿಳಿದಿರುತ್ತೇನೆ, ಗಂಡಸರು ಕೇಳಬಾರದಲ್ಲ.

ನಿನ್ನನ್ನು ಒಮ್ಮೆ ನೋಡಬೇಕು ಎನಿಸುತ್ತದೆ. ಯಾಕೋ ನಿನ್ನ ಮೇಲೆ ಬಹಳ ಪ್ರೀತಿ ಬರುತ್ತಿದೆ.

ಮಧ್ವ


ಬಳ್ಳಾರಿ
25 ಏಪ್ರಿಲ್ 1981

ಮಧ್ವನಿಗೆ ಆಶೀರ್ವಾದ.

ಹಬ್ಬದ ಬೆನ್ನಲ್ಲೇ ಸಾವಿನ ಮಾತು ಬರೆಯುತ್ತೀಯಲ್ಲ, ನಿನಗೇನು ಬಂದಿದೆ? ನನಗಿಂತ ಐದು ವರ್ಷ ಚಿಕ್ಕವನು, ನಾನಿರುವಾಗ ನೀನು ಹೊರಡುವುದು ಎಲ್ಲಿಗೆ? ಹೋಟೆಲ್ ಹೋಳಿಗೆ ತಿಂದು ಅಜೀರ್ಣವಾಗಿರಬೇಕು. ಡಾಕ್ಟರು ಏನೋ ಹೇಳಿದ್ದಾರೆ, ನೀನು ಮುಚ್ಚಿಡುತ್ತಿದ್ದೀಯ ಎಂದು ನನ್ನ ಅನುಮಾನ. ಇದ್ದದ್ದನ್ನು ಇದ್ದ ಹಾಗೆ ಬರೆ.

ಐದನೆಯದರಲ್ಲಿ ಏನು ಹಾಡುತ್ತೀಯೋ ಎಂದರೆ ಏನರ್ಥ? ಇರುವುದು ಒಂದೇ. ಆ ಗೋರಿಗಳ ಕಡೆ ನಾನು ಹೋಗುವವಳಲ್ಲ. ಆದರೂ ನಿನ್ನ ಭಾವನವರ ಕೈಯಲ್ಲಿ ಹೂ ಕೊಟ್ಟು ಕಳಿಸಿದೆ. ಯಾವ ಕಲ್ಲಿನ ಮೇಲೂ ಹೆಸರು ಕಾಣಲಿಲ್ಲವಂತೆ, ಚಿಕ್ಕದೊಂದರ ಮೇಲೆ ಇಟ್ಟು ಬಂದರಂತೆ.

ಅಕ್ಕ


ರಾಯಪುರಂ
17 ಜನವರಿ 1985

ಅಕ್ಕ,

ನಾಳೆ ಆಸ್ಪತ್ರೆಗೆ ಸೇರುತ್ತಿದ್ದೇನೆ. ನೀನು ಗಾಬರಿಯಾಗಿ ರೈಲು ಹತ್ತಬೇಡ. ಊರ್ಮಿಳಾ ಜೊತೆಯಲ್ಲಿರುತ್ತಾಳೆ. ದೀಪಕ್ಕೆ ಎಣ್ಣೆ ಹಾಕಲು ಪಕ್ಕದ ಮನೆಯವರಿಗೆ ಹೇಳಿದ್ದೇನೆ.

ಹೋಗಿ ಬರುತ್ತೇನೆ.

ಮಧ್ವ


ರಾಯಪುರಂ
8 ಜೂನ್ 1985

ಬಳ್ಳಾರಿ ಅಜ್ಜಿಗೆ ಊರ್ಮಿಳಾ ಮಾಡುವ ನಮಸ್ಕಾರ.

ತಮಿಳಕ್ಷರದಲ್ಲಿ ಕನ್ನಡ ಬರೆಯುತ್ತಿದ್ದೇನೆ. ನೀವು ಇದೇ ರಾಯಪುರಂನಲ್ಲಿ ತಮಿಳು ಸ್ಕೂಲಿನಲ್ಲಿ ಓದಿದವರು, ಓದುತ್ತೀರಿ ಎಂದು ತಾತ ಹೇಳುತ್ತಿದ್ದರು. ತಪ್ಪಿದ್ದರೆ ನಗಬೇಡಿ.

ತಾತ ಹೋಗಿ ನಾಲ್ಕು ತಿಂಗಳಾಯಿತು. ಮನೆ ಖಾಲಿ ಮಾಡಬೇಕು, ನಾನು ಕಾಲೇಜ್ ಹಾಸ್ಟೆಲಿಗೆ ಹೋಗುತ್ತೇನೆ. ಪುಸ್ತಕಗಳನ್ನು ಮೂರ್ ಮಾರ್ಕೆಟ್ಟಿಗೇ ಹಿಂದಕ್ಕೆ ಕೊಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಾರ್ಕೆಟ್ಟೇ ಬೆಂಕಿ ಹತ್ತಿ ಹೋಯಿತು. ಪೇಪರಿನಲ್ಲಿ ನೋಡಿರಬಹುದು. ತಾತ ಇದ್ದಿದ್ದರೆ ತಾಳುತ್ತಿರಲಿಲ್ಲ.

ಪಾದ್ರಿ ಪುಸ್ತಕವನ್ನು ನಾನೇ ಇಟ್ಟುಕೊಂಡೆ. ನಿನ್ನೆ ನೋಡಿದರೆ ಹಿಂದಿನ ಹಾಳೆಗಳನ್ನು ಬ್ಲೇಡಿನಲ್ಲಿ ನೀಟಾಗಿ ಬಿಡಿಸಿದೆ. ನಾನು ಚಿಕ್ಕವಳಿದ್ದಾಗ ಮುಟ್ಟಿದ್ದಕ್ಕೇ ಬೈದಿದ್ದರು, ಯಾವಾಗ ಬಿಡಿಸಿದರೋ. ನಮ್ಮ ಹಾಡಿಗೆ ಒಂದು ಟಿಪ್ಪಣಿ ಇದೆ. ಅದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಈ ಪದದ ಕೊನೆಯ ನುಡಿಯನ್ನು ನಾನು ಮೂಲದಲ್ಲಿದ್ದಂತೆ ಕೊಟ್ಟಿಲ್ಲ. ಮೂಲದಲ್ಲಿ ಹೋದವಳಿಗೆ, ತಿರುಗಿ ನೋಡಬೇಡ, ದೀಪವಿಲ್ಲ, ಕಾಯುವವರಿಲ್ಲ ಎಂದಿದೆ. ನಮ್ಮ ಮಗಳನ್ನು ಮಣ್ಣು ಮಾಡಿದ ತಿಂಗಳಲ್ಲಿ ನನ್ನ ಹೆಂಡತಿ ಅದನ್ನು ಕೇಳಿ ಬಂದಳು. ಹಾಡಿದ ಹೆಂಗಸೂ ಒಬ್ಬ ಮಗಳನ್ನು ಕಳೆದುಕೊಂಡವಳು. ನನ್ನ ಹೆಂಡತಿಗೆ ಕನ್ನಡ ಅರೆಬರೆ, ಕೊನೆಯ ನುಡಿಯ ಅರ್ಥವೇನೆಂದು ನನ್ನನ್ನು ಕೇಳಿದಳು. ಆಗ ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಅಚ್ಚು ಮಾಡಿಸಿದ್ದೇನೆ. ಅವಳೂ ಈಗ ಇಲ್ಲವಾದ್ದರಿಂದ ಇಷ್ಟನ್ನು ಬರೆಯಬಹುದು."

ಅಜ್ಜಿ, ತಾತನನ್ನು ಎತ್ತಿಕೊಂಡು ಹೋದ ಮೇಲೆ ನೀವು ನನ್ನ ಕೈ ಹಿಡಿದುಕೊಂಡು ಹಾಡಿದಿರಲ್ಲ, ಅದರಲ್ಲಿ 'ಬಾಗಿಲಲಿ ದೀಪವಿದೆ' ಎಂದೇ ಇತ್ತು. 'ಹೋಗಿ ಬಾ ತಮ್ಮ' ಎಂದಿರಿ. ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆ. ಪಾದ್ರಿ ತಾನೇ ಕಟ್ಟಿದ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು? ಯಾವುದು ನಿಜ?

ಟಿಪ್ಪಣಿಯ ಪಕ್ಕದಲ್ಲಿ ತಾತ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಏನೋ ಬರೆದಿದ್ದಾರೆ. ನನಗೆ ಓದಲು ಬರುವುದಿಲ್ಲ. ಇಲ್ಲಿ ಕನ್ನಡ ಗೊತ್ತಿರುವವರು ಯಾರೂ ಇಲ್ಲ. ಅದರ ಮೇಲೆ ತೆಳು ಕಾಗದ ಇಟ್ಟು ಹಾಗೇ ತೀಡಿ ಕಳಿಸುತ್ತಿದ್ದೇನೆ. ಏನೆಂದು ಹೇಳಿ.

ಅಕ್ಕನಿಗೆ ತಿಳಿಯಬಾರದು. ಯುಗಾದಿ 1981.

ಹೊಸ್ತಿಲಲ್ಲಿ ದೀಪ ಇಡುವುದನ್ನು ತಾತ ಕೊನೆಯವರೆಗೂ ಬಿಡಲಿಲ್ಲ. ನಾನೂ ಮನೆ ಬಿಡುವವರೆಗೆ ಇಡುತ್ತೇನೆ.

ಊರ್ಮಿಳಾ


ಬಳ್ಳಾರಿ
19 ಜೂನ್ 1985

ಊರ್ಮಿಳಾ, ನನ್ನ ಕಂದ,

ಐವತ್ತು ವರ್ಷದ ಮೇಲೆ ತಮಿಳಕ್ಷರ ಬರೆಯುತ್ತಿದ್ದೇನೆ. ತಪ್ಪಿದ್ದರೆ ನೀನೂ ನಗಬೇಡ.

ನೀನು ತೀಡಿ ಕಳಿಸಿದ್ದನ್ನು ಓದಿದೆ. 'ಅಕ್ಕನಿಗೆ ತಿಳಿಯಬಾರದು' ಎಂದು ಬರೆದಿದ್ದಾನೆ. ನಿನಗೆ ಕನ್ನಡ ಓದಲು ಬಂದಿದ್ದರೆ ನೀನು ಅದನ್ನು ನನಗೆ ಕಳಿಸುತ್ತಿರಲಿಲ್ಲ. ಅಕ್ಷರ ಕಲಿಸು, ಅಕ್ಷರ ಕಲಿಸು ಎಂದು ಅವನ ಪ್ರಾಣ ತಿಂದೆ. ಕಲಿಸಲಿಲ್ಲ, ಅದಕ್ಕೇ ನನಗೆ ತಿಳಿಯಿತು.

ಇದರ ಜೊತೆಗೆ ಒಂದು ಹಳೇ ಕಾಗದ ಇಟ್ಟಿದ್ದೇನೆ. ಅವನಿಗೆ ಬರೆದು ಅಂಚೆಗೆ ಹಾಕದೆ ಉಳಿಸಿಕೊಂಡದ್ದು. ಯಾರ ಕೈಯಲ್ಲಾದರೂ ಓದಿಸಿಕೋ. ಬೇಡ, ಯಾರ ಕೈಯಲ್ಲೂ ಬೇಡ, ನೀನೇ ಅಕ್ಷರ ಕಲಿತು ಓದು. ಅಷ್ಟರವರೆಗೆ ಇಷ್ಟು ತಿಳಿದಿರಲಿ. ಪಾದ್ರಿ ಟಿಪ್ಪಣಿಯಲ್ಲಿ ಹೇಳಿರುವುದೇ ನಿಜವಾದ ನುಡಿ. ನಿನ್ನ ಅಮ್ಮನಿಗೆ ನಾನು ಹಾಡಿದ್ದು ಅದನ್ನೇ. ನಿನಗೆ ಆಗ ನಾಲ್ಕು ವರ್ಷ, ನನ್ನ ಸೊಂಟದ ಮೇಲೆ ಇದ್ದೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ.

ನಿನ್ನ ತಾತ ಕೇಳಿದಾಗ ಪಾದ್ರಿಯ ಮಾತನ್ನೇ ಕನ್ನಡ ಮಾಡಿ, ಇದೇ ನಮ್ಮ ಹಾಡು ಎಂದು ಬರೆದೆ. ಅವನು ಸಮಾಧಾನವಾಗಿದ್ದಾನೆ ಎಂದುಕೊಂಡಿದ್ದೆ. ಅವನು ಹೊರಟಾಗಲೂ, ಪಾಪ ನಂಬಿದ್ದಾನೆ, ನಂಬಿಕೊಂಡೇ ಹೋಗಲಿ ಎಂದು ಅದನ್ನೇ ಹಾಡಿದೆ. ನಮ್ಮ ಅಮ್ಮ, ಅವಳ ಅಮ್ಮ ಯಾರೂ ಹಾಡದ್ದನ್ನು ಹಾಡಿದೆ. ಈಗ ನೋಡಿದರೆ ಅವನಿಗೆ ನಾಲ್ಕು ವರ್ಷ ಮೊದಲೇ ಗೊತ್ತಿತ್ತು. ಕಾಯುವವರಿಲ್ಲ ಎಂದು ನಾನು ಅವನ ಮಗಳಿಗೆ ಹೇಳಿ ಕಳಿಸಿದ್ದು ಗೊತ್ತಿತ್ತು. ಸುಳ್ಳು ಬರೆದದ್ದು ಗೊತ್ತಿತ್ತು. ಒಂದು ಮಾತು ಬೈಯಲಿಲ್ಲ. ನಿನ್ನ ಮೇಲೆ ಬಹಳ ಪ್ರೀತಿ ಬರುತ್ತಿದೆ ಎಂದು ಬರೆದ. ನಾನು ಹೋಟೆಲ್ ಹೋಳಿಗೆಯ ಅಜೀರ್ಣ ಎಂದೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಒಡಹುಟ್ಟಿದವನ ಒಂದು ಸಾಲು ನನಗೆ ಅರ್ಥವಾಗಲಿಲ್ಲ. ಆ ದೀಪಕ್ಕೆ ಯಾರೂ ತಿರುಗಿ ನೋಡುವುದಿಲ್ಲ ಎಂದು ತಿಳಿದ ಮೇಲೂ ದಿನವೂ ಇಟ್ಟನಲ್ಲ, ಅದನ್ನು ನೆನೆದರೆ ಅಳು ನಿಲ್ಲುತ್ತಿಲ್ಲ.

ದಸರೆ ರಜೆಗೆ ಬಾ. ನನಗೆ ಹೆಣ್ಣುಮಕ್ಕಳಿಲ್ಲ, ಈ ಹಾಡಿಗೆ ಇನ್ನು ನೀನೇ. ಮದುವೆಯ ಹಿಂದಿನ ದಿನದವರೆಗೆ ಕಾಯುವಷ್ಟು ಆಯುಸ್ಸು ನನಗಿಲ್ಲ. ನಾಲ್ಕು ನುಡಿ ಕಲಿಸುತ್ತೇನೆ, ಐದನೆಯದು ಎರಡನ್ನೂ ಕಲಿಸುತ್ತೇನೆ.

ನನ್ನನ್ನು ಎತ್ತಿದಾಗ ಬಂದು ಹಾಡಬೇಕಾದವಳು ನೀನು. ನನಗೆ ಹಳೆಯದನ್ನೇ ಹಾಡು, ನಮ್ಮ ಹೆಂಗಸರು ಹಾಡಿದ್ದನ್ನೇ ಹಾಡು ಎಂದು ಬರೆಯಲು ಕುಳಿತೆ. ಮೂರು ದಿನದಿಂದ ಕುಳಿತಿದ್ದೇನೆ ಕಂದ, ಬರೆಯಲು ಆಗುತ್ತಿಲ್ಲ. ಆಚೆ ಯಾರೂ ಕಾಯುವುದಿಲ್ಲ ಎಂದು ನನಗೆ ಗೊತ್ತು, ಎಂದೂ ಅನುಮಾನ ಬಂದದ್ದಿಲ್ಲ. ಆದರೂ ಮಧ್ವ ಒಬ್ಬ ಕಾದಿರಲಿ ಎಂದು ಆಸೆಯಾಗುತ್ತಿದೆ.

ಯಾವುದನ್ನು ಹಾಡುತ್ತೀಯೋ ಅದು ನಿನಗೆ ಬಿಟ್ಟದ್ದು.

ನಿನ್ನ ಅಜ್ಜಿ,
ರಮಾಬಾಯಿ